ಅಪ್ಪನಿಗೆ ಯಾವಾಗಲೂ ಸುಸ್ತು: ಮಾತ್ರೆ ಡಬ್ಬಿಯಿಂದ ಮಿದುಳಿನವರೆಗೆ ಹುಡುಕುವ ಬಗೆ

ಎಪ್ಪತ್ತು ದಾಟಿದವರು ‘ಸುಸ್ತು’ ಎಂದರೆ ಮನೆಗೆ ಟಾನಿಕ್ ಬಾಟಲಿ ಬರುತ್ತದೆ, ಇಲ್ಲವೇ ‘ವಯಸ್ಸಾಯ್ತಲ್ಲ, ಇನ್ನೇನು’ ಎಂಬ ಮಾತು ಬರುತ್ತದೆ. ವಯಸ್ಸು ಮಿದುಳಿನ ರಸಾಯನವನ್ನು ಬದಲಿಸುವುದು ನಿಜ. ಆದರೆ ಅದು ವರ್ಷಗಟ್ಟಲೆ ನಿಧಾನಕ್ಕೆ ಆಗುವ ಬದಲಾವಣೆ. ಆರು ತಿಂಗಳ ಹಿಂದೆ ಮಾರ್ಕೆಟ್ಟಿಗೆ ನಡೆದು ಹೋಗಿ ಸೊಪ್ಪು ತರುತ್ತಿದ್ದವರು ಈಗ ಕುರ್ಚಿ ಬಿಟ್ಟು ಏಳುತ್ತಿಲ್ಲ ಎಂದರೆ ಮಧ್ಯೆ ಬೇರೇನೋ ಸೇರಿಕೊಂಡಿದೆ. ಅದನ್ನು ಹುಡುಕುವ ಕ್ರಮ ಮುಂದಿದೆ. ಇದು ಮನೆಯವರಿಗಾಗಿ, ಮಾತ್ರೆ ನಿಲ್ಲಿಸುವ, ಬದಲಿಸುವ ತೀರ್ಮಾನ ವೈದ್ಯರದೇ.

ಕೆಲವು ಸಂದರ್ಭಗಳಲ್ಲಿ ಹುಡುಕುತ್ತ ಕೂರಬಾರದು. ಒಂದೆರಡು ದಿನದಲ್ಲೇ ದಿಢೀರನೆ ಬಂದ ಸುಸ್ತು, ಜೊತೆಗೆ ಏದುಸಿರು, ಎದೆ ಬಿಗಿತ, ಕಾಲು ಬಾವು, ಕಪ್ಪು ಮಲ, ಮಾತು ತೊದಲುವುದು, ಗೊಂದಲ, ದೇಹದ ಒಂದೇ ಬದಿ ಸೋಲುವುದು, ಕಾರಣವಿಲ್ಲದೆ ತೂಕ ಇಳಿಯುವುದು: ಇವುಗಳಲ್ಲಿ ಯಾವುದಿದ್ದರೂ ನೇರ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಹೃದಯಾಘಾತ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರಾಗಿ ಬರಬಹುದು.

ಯಾವ ಸುಸ್ತು ಎಂದು ಕೇಳಿ

ಹಿರಿಯರು ಆಡುವ ಮಾತಿನಲ್ಲೇ ಅರ್ಧ ಉತ್ತರ ಇರುತ್ತದೆ. ‘ಕೂತಲ್ಲೇ ತೂಕಡಿಕೆ’ ಬೇರೆ, ‘ಕೈಕಾಲಲ್ಲಿ ತ್ರಾಣ ಇಲ್ಲ’ ಬೇರೆ, ‘ಏನು ಮಾಡೋಕೂ ಮನಸ್ಸಾಗಲ್ಲ’ ಇನ್ನೂ ಬೇರೆ. ಮೂರಕ್ಕೂ ಸುಸ್ತು ಎಂದೇ ಹೆಸರು, ಮೂರರ ರಸಾಯನ ಒಂದಲ್ಲ.

ತೂಕಡಿಕೆ ಎಚ್ಚರ–ನಿದ್ದೆಯ ವಿಷಯ. ಹಿಸ್ಟಮಿನ್, ಒರೆಕ್ಸಿನ್, ನಾರ್‌ಅಡ್ರಿನಲಿನ್, ಅಸಿಟೈಲ್‌ಕೋಲಿನ್ ಮಿದುಳನ್ನು ಎಚ್ಚರವಾಗಿಡುತ್ತವೆ. ಗಾಬಾ ಅದನ್ನು ತಣ್ಣಗಾಗಿಸುತ್ತದೆ. ದಿನವಿಡೀ ಕೆಲಸ ಮಾಡಿದ ಜೀವಕೋಶಗಳಿಂದ ಅಡಿನೋಸಿನ್ ಎಂಬ ವಸ್ತು ಸೇರುತ್ತ ಹೋಗಿ ನಿದ್ದೆಯ ಒತ್ತಡ ಏರಿಸುತ್ತದೆ. ಹಗಲು ತೂಕಡಿಕೆ ಇದ್ದರೆ ರಾತ್ರಿ ನಿದ್ದೆ ಸರಿಯಿಲ್ಲ, ಅಥವಾ ಯಾವುದೋ ಮಾತ್ರೆ ಈ ಎಚ್ಚರದ ರಸಾಯನಗಳಲ್ಲಿ ಒಂದನ್ನು ತಡೆಯುತ್ತಿದೆ ಎಂದು ಮೊದಲು ಅನುಮಾನಿಸಬೇಕು.

ತ್ರಾಣ ಇಲ್ಲದಿರುವುದು ಹೆಚ್ಚಾಗಿ ಕತ್ತಿನ ಕೆಳಗಿನ ಸಮಸ್ಯೆ. ರಕ್ತಹೀನತೆ, ಥೈರಾಯ್ಡ್, ಹೃದಯ, ಮೂತ್ರಪಿಂಡ, ಸೋಡಿಯಂ, ಪೊಟ್ಯಾಸಿಯಂ, ಸವೆದ ಸ್ನಾಯು. ಮಿದುಳಿನ ಪಾಲು ಇಲ್ಲಿ ಕಡಿಮೆ.

ಮನಸ್ಸಾಗದಿರುವುದು ಡೋಪಮಿನ್‌ನ ಜಾಗ. ಡೋಪಮಿನ್ ಎಂದರೆ ‘ಖುಷಿಯ ರಸಾಯನ’ ಎಂದು ಎಲ್ಲೆಡೆ ಬರೆಯುತ್ತಾರೆ, ಅದು ಅರೆಬರೆ ಮಾತು. ಒಂದು ಕೆಲಸಕ್ಕೆ ಎಷ್ಟು ಶ್ರಮ ಬೇಕು, ಆ ಶ್ರಮಕ್ಕೆ ಅದು ತಕ್ಕದ್ದೇ ಎಂದು ತೂಗುವ ಲೆಕ್ಕದಲ್ಲಿ ಅದರ ದೊಡ್ಡ ಪಾತ್ರವಿದೆ. ಯೌವನದ ನಂತರ ಪ್ರತಿ ಹತ್ತು ವರ್ಷಕ್ಕೆ ಮಿದುಳಿನ ಡೋಪಮಿನ್ ಗ್ರಾಹಕಗಳು ಅಂದಾಜು 5ರಿಂದ 10 ಶೇಕಡಾ ಕಡಿಮೆಯಾಗುತ್ತ ಬರುತ್ತವೆ. ಆಗ ಕೆಲಸ ಅಷ್ಟೇ ಇದ್ದರೂ ಅದರ ಬೆಲೆ ಹೆಚ್ಚಾದಂತೆ ಅನಿಸುತ್ತದೆ. ನಡೆಯುವ ಶಕ್ತಿ ಕಾಲಿನಲ್ಲಿ ಇದೆ, ಚಪ್ಪಲಿ ಹಾಕಿಕೊಳ್ಳುವುದೇ ಬೆಟ್ಟ. ಇದನ್ನು ಸೋಮಾರಿತನ ಎಂದು ಗದರಿಸುವ ಮನೆಗಳೇ ಹೆಚ್ಚು. ಗದರಿಸಿದರೆ ಡೋಪಮಿನ್ ಏರುವುದಿಲ್ಲ.

ಏಳು ದಿನದ ಲೆಕ್ಕ

ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಬೆಳಿಗ್ಗೆ ಎದ್ದಾಗ, ಹನ್ನೊಂದಕ್ಕೆ, ಊಟವಾದ ಒಂದು ಗಂಟೆಯ ನಂತರ, ಸಂಜೆ ಆರಕ್ಕೆ ಹೀಗೆ ದಿನಕ್ಕೆ ನಾಲ್ಕು ಸಲ ಬರೆಯಿರಿ. ಸುಸ್ತಿಗೆ 0ರಿಂದ 10ರೊಳಗೆ ಒಂದು ಅಂಕ, ಮೂರರಲ್ಲಿ ಯಾವ ಬಗೆ, ಅದಕ್ಕೂ ಹಿಂದಿನ ಎರಡು ಗಂಟೆಯಲ್ಲಿ ತಿಂದದ್ದು, ನುಂಗಿದ ಮಾತ್ರೆ, ಮಾಡಿದ ಕೆಲಸ. ಅಂಕವನ್ನು ಹಿರಿಯರೇ ಹೇಳಲಿ. ನೀವು ನೋಡಿ ಊಹಿಸಿ ಬರೆದರೆ ಲೆಕ್ಕ ಕೆಡುತ್ತದೆ.

ವಾರದ ಕೊನೆಗೆ ಹಾಳೆಯಲ್ಲಿ ಒಂದು ಓಟ ಕಾಣುತ್ತದೆ. ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಹಗುರಾಗುವುದು ಖಿನ್ನತೆಯಲ್ಲಿ, ರಾತ್ರಿ ಮಾತ್ರೆಯ ಮಂಪರು ಉಳಿದಾಗ ಕಾಣುವ ಲಕ್ಷಣ. ಮೆಟ್ಟಿಲು ಹತ್ತಿದಾಗಲೆಲ್ಲ ಏರಿ, ಕೂತರೆ ಇಳಿಯುವುದು ರಕ್ತ ಅಥವಾ ಹೃದಯದ ಕಡೆ ಬೊಟ್ಟು ಮಾಡುತ್ತದೆ. ಕೈನಡುಕ ತರುವ, ಚಲನೆ ನಿಧಾನವಾಗಿಸುವ ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ, ಮಿದುಳಿನಲ್ಲಿ ಡೋಪಮಿನ್ ಆಗುವ ಲೆವೊಡೋಪ ಮಾತ್ರೆಯ ಮುಂದಿನ ಹೊತ್ತಿಗೆ ಮೊದಲು ಸುಸ್ತು ಏರುತ್ತಿದ್ದರೆ ಹಿಂದಿನ ಮಾತ್ರೆಯ ಪರಿಣಾಮ ತೀರುತ್ತಿದೆ ಎಂದರ್ಥ. ಆ ಹಾಳೆಯನ್ನು ನರರೋಗ ವೈದ್ಯರಿಗೆ ತೋರಿಸಿದರೆ ವೇಳೆ ಬದಲಿಸಲು ಅವರಿಗೆ ಸುಲಭ.

ಮಧ್ಯಾಹ್ನದ ಊಟದ ನಂತರ ಮಾತ್ರ ಮಂಕು ಕವಿಯುತ್ತಿದ್ದರೆ ಬಿಪಿ ಯಂತ್ರ ತೆಗೆಯಿರಿ. ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಎರಡು ಗಂಟೆಯವರೆಗೆ ಅರ್ಧ ಗಂಟೆಗೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಅದು ಊಟದ ನಂತರದ ರಕ್ತದೊತ್ತಡ ಕುಸಿತ. ದೊಡ್ಡ ಮುದ್ದೆ, ಒಂದು ರಾಶಿ ಅನ್ನ ಒಮ್ಮೆಗೇ ಹೊಟ್ಟೆ ಸೇರಿದಾಗ ರಕ್ತ ಕರುಳಿನತ್ತ ಹರಿಯುತ್ತದೆ. ಎಳೆಯರ ನರಮಂಡಲ ಅದನ್ನು ತಕ್ಷಣ ಸರಿದೂಗಿಸುತ್ತದೆ, ಹಿರಿಯರದು ತಡವರಿಸುತ್ತದೆ. ಮುದ್ದೆಯ ಗಾತ್ರ ಅರ್ಧ ಮಾಡಿ ಉಳಿದರ್ಧವನ್ನು ಸಂಜೆಗೆ ಕೊಡಿ. ನೀರು ಮಿತಿಯಲ್ಲಿರಲಿ ಎಂದು ವೈದ್ಯರು ಹೇಳಿರದಿದ್ದರೆ ಊಟಕ್ಕೆ ಮೊದಲು ಎರಡು ಲೋಟ ನೀರು ಕುಡಿಸಿ. ಮಲಗಿದ್ದವರನ್ನು ನಿಲ್ಲಿಸಿ ಮೂರು ನಿಮಿಷದೊಳಗೆ ನೋಡಿದಾಗಲೂ ಮೇಲಿನದು 20, ಅಥವಾ ಕೆಳಗಿನದು 10 ಇಳಿದರೆ ಬಿಪಿ ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರ ಜೊತೆ ಮಾತಾಡಬೇಕು.

ಮಾತ್ರೆ ಡಬ್ಬಿ ಸುರಿಯಿರಿ

ಒಂದೇ ಒಂದು ಕೆಲಸಕ್ಕೆ ಪುರುಸೊತ್ತಿದ್ದರೆ ಇದನ್ನೇ ಮಾಡಿ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಬಾಟಲಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೆಗಡಿ ಮಾತ್ರೆ, ಕೆಮ್ಮಿನ ಸಿರಪ್, ಚೂರ್ಣ, ಲೇಹ್ಯ ಎಲ್ಲವನ್ನೂ ಮೇಜಿನ ಮೇಲೆ ಸುರಿಯಿರಿ. ಬ್ರ್ಯಾಂಡ್ ಹೆಸರು ಬಿಡಿ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಬರೆದುಕೊಳ್ಳಿ. ಎರಡು ಬ್ರ್ಯಾಂಡಿನಲ್ಲಿ ಒಂದೇ ಔಷಧ ಎರಡು ಸಲ ಹೋಗುತ್ತಿರುವುದು ಅಪರೂಪವೇನಲ್ಲ.

72 ವರ್ಷದ ಅಜ್ಜಿಯೊಬ್ಬರ ಪಟ್ಟಿ ಹೀಗಿದೆ ಎಂದುಕೊಳ್ಳಿ: ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಬಿಪಿಗೆ ಟೆಲ್ಮಿಸಾರ್ಟನ್ 40 ಜೊತೆ ಹೈಡ್ರೋಕ್ಲೋರೋಥಯಜೈಡ್ 12.5, ಗ್ಯಾಸಿಗೆ ಪ್ಯಾಂಟೊಪ್ರಜೋಲ್ 40, ಪಾದದ ಉರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 10, ಸೀನು ಬರುತ್ತದೆಂದು ಸಿಟ್ರಿಜಿನ್. ಬರೆದವರು ಮೂವರು ವೈದ್ಯರು. ಕೊನೆಯದನ್ನು ಅಂಗಡಿಯವರೇ ಕೊಟ್ಟದ್ದು. ಒಂದೊಂದಾಗಿ ನೋಡಿದರೆ ಯಾವುದೂ ತಪ್ಪಲ್ಲ. ಒಟ್ಟಿಗೆ ನೋಡಿ.

ಮೆಟ್‌ಫಾರ್ಮಿನ್ ವರ್ಷಾನುಗಟ್ಟಲೆ ಹೋದರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲ ತಗ್ಗಿಸುವುದರಿಂದ ಆಹಾರದ ಬಿ12 ಬಿಡಿಸಿಕೊಳ್ಳುವುದೂ ಕಷ್ಟವಾಗುತ್ತದೆ. ಅಜ್ಜಿ ಸಸ್ಯಾಹಾರಿಯಾದರೆ ಹಾಲು ಮೊಸರು ಬಿಟ್ಟರೆ ಬಿ12 ಬರುವ ದಾರಿಯೇ ಇಲ್ಲ. ರಾಗಿ, ಮೊಳಕೆಕಾಳು, ಸೊಪ್ಪಿನಲ್ಲಿ ಅದಿಲ್ಲ. ಬಿ12 ಕಡಿಮೆಯಾದರೆ ರಕ್ತವಷ್ಟೇ ಅಲ್ಲ, ನರಗಳ ಹೊದಿಕೆಯೂ ಮಿದುಳಿನ ರಸಾಯನ ತಯಾರಿಕೆಯೂ ಸೊರಗುತ್ತದೆ. ವಿಚಿತ್ರವೆಂದರೆ ಪಾದದ ಉರಿಗೇ ಬಿ12 ಕೊರತೆ ಕಾರಣವಿರಬಹುದು, ಅದಕ್ಕೆ ಕೊಟ್ಟ ಅಮಿಟ್ರಿಪ್ಟಿಲಿನ್ ತೂಕಡಿಕೆ ತರುತ್ತಿರಬಹುದು. ಅಮಿಟ್ರಿಪ್ಟಿಲಿನ್ ಹಿಸ್ಟಮಿನ್, ಅಸಿಟೈಲ್‌ಕೋಲಿನ್ ಎರಡನ್ನೂ ತಡೆಯುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಮರೆವು, ಹಗಲು ಮಂಪರು ಒಟ್ಟಿಗೆ ಬಂದರೆ ಅಸಿಟೈಲ್‌ಕೋಲಿನ್ ತಡೆಯುವ ಮಾತ್ರೆ ಎಲ್ಲಿದೆ ಎಂದು ಹುಡುಕಿ.

ಸಿಟ್ರಿಜಿನ್ ಹಳೆಯ ಅಲರ್ಜಿ ಮಾತ್ರೆಗಳಷ್ಟು ಮಂಪರು ತರುವುದಿಲ್ಲ, ನಿಜ. ಆದರೆ ಅದು ಹೊರಹೋಗುವುದು ಮೂತ್ರಪಿಂಡದ ಮೂಲಕ. ಹಿರಿಯರಲ್ಲಿ ಆ ದಾರಿ ನಿಧಾನವಾದ್ದರಿಂದ ಹೆಚ್ಚು ಹೊತ್ತು ಉಳಿಯುತ್ತದೆ. ಫೆಕ್ಸೊಫೆನಡಿನ್ ಮಿದುಳಿಗೆ ಹೋಗುವುದು ತೀರಾ ಕಡಿಮೆ; ಬದಲಿಸಬಹುದೇ ಎಂದು ಕೇಳಿ. ಅವಿಲ್‌ನಂಥ ಹಳೆಯ ಮಾತ್ರೆಗಳು, ಕ್ಲೋರ್‌ಫೆನಿರಮಿನ್ ಇರುವ ನೆಗಡಿ ಮಾತ್ರೆಗಳು ಹಿರಿಯರಿಗೆ ಬೇಡ. 1991ರಲ್ಲಿ ಅಮೆರಿಕದ ವೈದ್ಯ ಮಾರ್ಕ್ ಬೀರ್ಸ್ ಹಿರಿಯರಿಗೆ ಕೊಡದಿದ್ದರೆ ಒಳ್ಳೆಯದೆನಿಸುವ ಔಷಧಗಳ ಪಟ್ಟಿ ಮಾಡಿದರು. 2023ರಲ್ಲಿ ಪರಿಷ್ಕರಿಸಿದ ಆ ಪಟ್ಟಿಯಲ್ಲಿ ಹಳೆಯ ಅಲರ್ಜಿ ಮಾತ್ರೆಗಳು, ಅಮಿಟ್ರಿಪ್ಟಿಲಿನ್, ನಿದ್ದೆ ಮಾತ್ರೆಗಳು ಇವೆ. ವೈದ್ಯರೊಡನೆ ಮಾತಾಡುವಾಗ ‘ಬೀರ್ಸ್ ಪಟ್ಟಿಯ ಪ್ರಕಾರ ಒಮ್ಮೆ ನೋಡ್ತೀರಾ’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇನ್ನು ಹೈಡ್ರೋಕ್ಲೋರೋಥಯಜೈಡ್. ಮೂತ್ರ ಹೆಚ್ಚಿಸಿ ಬಿಪಿ ತಗ್ಗಿಸುವ ಇದು ಸೋಡಿಯಂ ಇಳಿಸಬಲ್ಲದು. ರಕ್ತದಲ್ಲಿ ಸೋಡಿಯಂ 135ರಿಂದ 145 ಇರಬೇಕು. ಜೊತೆಗೆ ಖಿನ್ನತೆಗೆಂದು ಎಸ್ಸಿಟಾಲೊಪ್ರಾಮ್ ಸೇರಿದರೆ, ಮನೆಯಲ್ಲಿ ಉಪ್ಪೂ ಪೂರ್ತಿ ಬಿಡಿಸಿದ್ದರೆ 125ರ ಆಸುಪಾಸಿಗೆ ಜಾರಬಹುದು. ನಡಿಗೆ ತೂರಾಡುವುದು, ವಾಕರಿಕೆ, ಮಂಕು, ಗೊಂದಲ: ಇದನ್ನು ಮರೆವಿನ ಕಾಯಿಲೆ ಶುರುವಾಯಿತು ಎಂದು ಭಾವಿಸಿದವರಿದ್ದಾರೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ ಇದು.

ಪಟ್ಟಿಯಲ್ಲಿ ಆಲ್‌ಪ್ರಜೋಲಾಮ್, ಕ್ಲೊನಜೆಪಾಮ್, ಡಯಜೆಪಾಮ್ ಎಂಬ ನಿದ್ದೆ, ಆತಂಕದ ಮಾತ್ರೆಗಳಿದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಇವು ಗಾಬಾದ ಪರಿಣಾಮ ಹೆಚ್ಚಿಸುತ್ತವೆ. ಕ್ಲೊನಜೆಪಾಮ್ ಅರ್ಧಕ್ಕೆ ಇಳಿಯಲು 30ರಿಂದ 40 ಗಂಟೆ ಬೇಕು. ಅಂದರೆ ನಿನ್ನೆ ರಾತ್ರಿಯ ಮಾತ್ರೆ ಅರ್ಧಕ್ಕಿಂತ ಹೆಚ್ಚು ಉಳಿದಿರುವಾಗಲೇ ಇಂದಿನದು ಹೊಟ್ಟೆಗೆ ಬೀಳುತ್ತದೆ. ಹಾಗೆಂದು ದಿಢೀರನೆ ನಿಲ್ಲಿಸಬೇಡಿ: ನಿದ್ದೆ ಪೂರ್ತಿ ಹೋಗುತ್ತದೆ, ನಡುಕ, ಗಾಬರಿ, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ. ವೈದ್ಯರು ವಾರಗಳ ಲೆಕ್ಕದಲ್ಲಿ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಪ್ರೊಪ್ರನಲಾಲ್, ಮೆಟೊಪ್ರೊಲಾಲ್ ಥರದ ಹೃದಯ, ಬಿಪಿ ಮಾತ್ರೆಗಳನ್ನೂ ಹೀಗೆ ಥಟ್ಟನೆ ನಿಲ್ಲಿಸಬಾರದು. ನೋವಿಗೆ ಕೊಡುವ ಪ್ರೆಗಾಬಲಿನ್, ಗಾಬಾಪೆಂಟಿನ್, ಟ್ರಮಡಾಲ್ ಕೂಡ ಮಂಪರಿನ ಸಾಲಿಗೇ ಸೇರಿದವು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಇದ್ದು ಊಟ ತಡವಾದಾಗ ಸುಸ್ತು ಬೆವರು ಬಂದರೆ ಆ ಕ್ಷಣವೇ ಸಕ್ಕರೆ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ.

ಬೇಕಾದ ರಕ್ತ ಪರೀಕ್ಷೆ, ಬೇಡವಾದದ್ದು

ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಟಿಎಸ್‌ಎಚ್ (ಥೈರಾಯ್ಡ್ ಅನ್ನು ಪ್ರಚೋದಿಸುವ ಹಾರ್ಮೋನ್), ಸೋಡಿಯಂ–ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡಕ್ಕೆ), ಲಿವರ್ ಪರೀಕ್ಷೆ, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಸಿಆರ್‌ಪಿ (ಉರಿಯೂತಕ್ಕೆ). ಮೊದಲ ಸುತ್ತಿಗೆ ಇಷ್ಟು ಸಾಕು.

ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಹಿರಿಯರಲ್ಲಿ ಕಬ್ಬಿಣ ಕಡಿಮೆ ಎಂದು ಬಂದರೆ ಟಾನಿಕ್ ಕುಡಿಸಿ ಸುಮ್ಮನಾಗಬೇಡಿ. ಕರುಳಿನಿಂದ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು. ಕಬ್ಬಿಣಕ್ಕೂ ಮಿದುಳಿಗೂ ನೇರ ನಂಟಿದೆ: ಡೋಪಮಿನ್ ತಯಾರಿಸುವ ಕಿಣ್ವ ಕಬ್ಬಿಣವಿಲ್ಲದೆ ಕೆಲಸ ಮಾಡದು. ರಾತ್ರಿ ಮಲಗಿದೊಡನೆ ಕಾಲಲ್ಲಿ ಹರಿದಾಡಿದಂತಾಗಿ, ಆಡಿಸದೆ ಇರಲಾಗದ ತೊಂದರೆ ಇದ್ದರೆ ಫೆರಿಟಿನ್ ಎಷ್ಟಿದೆ ಎಂದು ವಿಶೇಷವಾಗಿ ಗಮನಿಸಿ. ಆ ತೊಂದರೆಯಲ್ಲಿ 75ಕ್ಕಿಂತ ಕಡಿಮೆಯಿದ್ದರೂ ಕಬ್ಬಿಣ ಕೊಡುವುದುಂಟು, ಲ್ಯಾಬ್ ಹಾಳೆಯಲ್ಲಿ ‘ನಾರ್ಮಲ್’ ಎಂದಿದ್ದರೂ.

ಬಿ12 ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. 200ರಿಂದ 300 ಅನುಮಾನದ ಜಾಗ. ಬಿ12 ನೋಡದೆ ಬರೀ ಫೋಲಿಕ್ ಆ್ಯಸಿಡ್ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡು ನರಗಳ ಹಾನಿ ಒಳಗೇ ಮುಂದುವರಿಯಬಹುದು.

ಥೈರಾಯ್ಡ್ ವಿಷಯದಲ್ಲಿ ಆತುರ ಬೇಡ. ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದು ಸಹಜ. 65 ದಾಟಿದ 737 ಜನರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಟ್ರಸ್ಟ್ ಎಂಬ ಅಧ್ಯಯನದಲ್ಲಿ, ಟಿಎಸ್‌ಎಚ್ ಸ್ವಲ್ಪ ಏರಿ ಥೈರಾಯ್ಡ್ ಹಾರ್ಮೋನ್ ಥೈರಾಕ್ಸಿನ್ ಸರಿಯಿದ್ದವರಿಗೆ ಮಾತ್ರೆ ಕೊಟ್ಟರೂ ಸುಸ್ತು ಕಡಿಮೆಯಾಗಲಿಲ್ಲ. ನಿಜವಾಗಿ ಬೇಕಿದ್ದು ಮಾತ್ರೆ ತೆಗೆದುಕೊಳ್ಳುತ್ತಿರುವವರು ಮಾಡುವ ತಪ್ಪು ಬೇರೆ: ಬೆಳಿಗ್ಗೆ ಕಾಫಿಯ ಜೊತೆಗೇ ನುಂಗುತ್ತಾರೆ. ಕಾಫಿ ಅದನ್ನು ಒಳಹೋಗಲು ಬಿಡದು. ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ದೂರ ಇರಲಿ.

‘ಸೆರೊಟೋನಿನ್ ಮಟ್ಟ’, ‘ಡೋಪಮಿನ್ ಮಟ್ಟ’ ತೋರಿಸುತ್ತೇವೆ ಎನ್ನುವ ಪ್ಯಾಕೇಜುಗಳಿಗೆ ಸುಸ್ತಿನ ಕಾರಣ ಹುಡುಕಲು ಹಣ ಸುರಿಯಬೇಡಿ. ದೇಹದ ಸೆರೊಟೋನಿನ್‌ನಲ್ಲಿ ಶೇಕಡಾ 90ರಷ್ಟು ಕರುಳಿನಲ್ಲಿ ಇರುತ್ತದೆ, ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಬೆರಳ ತುದಿಯ ರಕ್ತ ಮಿದುಳಿನ ಸುದ್ದಿ ಹೇಳದು.

ಹಾಗೆಯೇ ಗ್ಲೂಕೋಸ್ ಏರಿಸಿಕೊಂಡು ಬರುವ ಪದ್ಧತಿ. 5 ಶೇಕಡಾ ಡೆಕ್ಸ್‌ಟ್ರೋಸಿನ 500 ಮಿಲಿಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಹೆಚ್ಚುಕಡಿಮೆ ಒಂದು ಬಾಳೆಹಣ್ಣಿನ ಶಕ್ತಿ. ಸೋಡಿಯಂ ಇಳಿದವರಿಗೆ ಇದು ಕೆಟ್ಟದ್ದೇ: ಸಕ್ಕರೆ ಕರಗಿ ಉಳಿಯುವುದು ಬರೀ ನೀರು, ಸೋಡಿಯಂ ಇನ್ನಷ್ಟು ಇಳಿಯುತ್ತದೆ. ಹೆಸರು ವಿಳಾಸವಿಲ್ಲದ ‘ಶಕ್ತಿ ಪುಡಿ’ಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿಬಿದ್ದಿದೆ, ಮೊದಲ ವಾರ ಹಸಿವು ಹುರುಪು ಎರಡೂ ಬರುತ್ತದೆ, ತಿಂಗಳುಗಟ್ಟಲೆ ತಿಂದು ಥಟ್ಟನೆ ಬಿಟ್ಟರೆ ಮೇಲೇಳಲಾಗದ ಸುಸ್ತು ಬಂದು ಪ್ರಾಣಕ್ಕೇ ಕುತ್ತಾಗಬಹುದು.

ಜ್ವರ ಬಿಟ್ಟ ಮೇಲೂ ಬಿಡದ ಸುಸ್ತು

ಚಿಕೂನ್‌ಗುನ್ಯಾ, ಡೆಂಗಿ, ಕೋವಿಡ್ ಆದ ಮೇಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುವ ದಣಿವಿಗೆ ಕಾರಣಗಳಲ್ಲೊಂದು ಉರಿಯೂತ. ಸೈಟೋಕೈನ್ ಎಂಬ ಸಂದೇಶವಾಹಕಗಳು ಮಿದುಳಿಗೆ ‘ಮಲಗು’ ಎನ್ನುತ್ತವೆ. ಡೋಪಮಿನ್ ತಯಾರಿಕೆಯನ್ನೂ ತಗ್ಗಿಸುತ್ತವೆ. ಇಲ್ಲಿ ಬಲವಂತದ ನಡಿಗೆ ತಿರುಗುಬಾಣ. ಮರುದಿನದ ಅಂಕ ಎರಡು ಏರಿದರೆ ಹಿಂದಿನ ದಿನ ಹೆಚ್ಚಾಯಿತು ಎಂದು ತಿಳಿದು ಅರ್ಧಕ್ಕೆ ಇಳಿಸಿ.

ಕಾಫಿ, ಬೆಳಕು, ಮೊದಲ ಎರಡು ನಿಮಿಷ

ಕೆಫೀನ್ ಶಕ್ತಿ ಕೊಡುವುದಿಲ್ಲ, ಅಡಿನೋಸಿನ್ ಕೂರುವ ಜಾಗದಲ್ಲಿ ತಾನು ಕೂರುತ್ತದೆ. ಅದು ಎದ್ದು ಹೋದೊಡನೆ ಕಾಯುತ್ತಿದ್ದ ಅಡಿನೋಸಿನ್ ಒಟ್ಟಿಗೆ ಬಂದು ಕೂರುತ್ತದೆ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ. ಸಂಜೆ ಐದರ ಗಟ್ಟಿ ಡಿಕಾಕ್ಷನ್‌ನ ಅರ್ಧ ರಾತ್ರಿ ಹತ್ತಕ್ಕೂ ಕೆಲಸ ಮಾಡುತ್ತಿರುತ್ತದೆ. ಕೊನೆಯ ಕಾಫಿ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಲಿ. ಐವತ್ತು ವರ್ಷದ ಸಂಜೆ ಕಾಫಿಯನ್ನು ಕಿತ್ತುಕೊಂಡರೆ ತಲೆನೋವೂ ಜಗಳವೂ ಗ್ಯಾರಂಟಿ, ಅದಕ್ಕೇ ನಾಲ್ಕು ದಿನಕ್ಕೊಮ್ಮೆ ಡಿಕಾಕ್ಷನ್ ಕಾಲುಭಾಗ ಕಡಿಮೆ ಮಾಡಿ ಹಾಲು ಹೆಚ್ಚಿಸಿ. ಚಿಕೋರಿ ಹೆಚ್ಚಿರುವ ಪುಡಿಯೂ ಆದೀತು, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಕಬ್ಬಿಣ ಕಡಿಮೆ ಇರುವವರು ಊಟದ ಜೊತೆ ಕಾಫಿ–ಟೀ ಕುಡಿಯದೆ ಒಂದೆರಡು ಗಂಟೆ ಬಿಟ್ಟು ಕುಡಿಯಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ.

ಬೆಳಿಗ್ಗೆ ಅರ್ಧ ಗಂಟೆ ಜಗಲಿಯ ಮೇಲೋ ತಾರಸಿಯ ಮೇಲೋ ಕೂರಿಸಿ. ಹಿರಿಯರ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕು ಒಳಗೆ ಹೋಗುವುದು ಕಡಿಮೆ, ಮನೆಯೊಳಗಿನ ಬಲ್ಬು ಸಾಲದು. ಹಗಲಿನ ನಿದ್ದೆ ಮೂರು ಗಂಟೆಗೆ ಮುಂಚೆ, ಅರ್ಧ ಗಂಟೆ ಮೀರದಂತೆ. ಗಟ್ಟಿ ಗೊರಕೆ, ನಡುವೆ ಉಸಿರು ನಿಂತಂತಾಗುವುದು ಇದ್ದರೆ ಇದೆಲ್ಲ ಬಿಟ್ಟು ನಿದ್ದೆಯ ಪರೀಕ್ಷೆಗೆ ಕರೆದೊಯ್ಯಿರಿ.

ಮನಸ್ಸಾಗದ ಸುಸ್ತಿಗೆ ಉಪದೇಶ ನಾಟುವುದಿಲ್ಲ. ಕೆಲಸ ಶುರುಮಾಡುವ ಶ್ರಮ ಇಳಿಸಬೇಕು. ಚಪ್ಪಲಿ, ಕೋಲು, ಟೋಪಿ ಬಾಗಿಲ ಬಳಿಯೇ ಇರಲಿ, ಹೊತ್ತು ದಿನವೂ ಒಂದೇ ಇರಲಿ, ಜೊತೆಗೊಬ್ಬರು ಹೊರಡಲಿ. ‘ಗೇಟಿನವರೆಗೆ ಹೋಗಿ ಬರೋಣ ಬನ್ನಿ’ ಎಂದಷ್ಟೇ ಕರೆಯಿರಿ. ಈಗ ಹತ್ತು ನಿಮಿಷ ನಡೆಯಬಲ್ಲವರಿಗೆ ಐದು ನಿಮಿಷದಿಂದ ಶುರುಮಾಡಿ, ವಾರಕ್ಕೆ ಎರಡು ನಿಮಿಷ ಸೇರಿಸಿ. ಕೈ ಊರದೆ ಕುರ್ಚಿಯಿಂದ ಐದು ಸಲ ಏಳುವುದು–ಕೂರುವುದು, ದಿನಕ್ಕೆ ಎರಡು ಸುತ್ತು. ಕುರ್ಚಿ ಗೋಡೆಗೆ ಒರಗಿರಲಿ, ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗುರಿ ವಾರಕ್ಕೆ 150 ನಿಮಿಷ, ಅದು ತಿಂಗಳುಗಳ ಮಾತು.

ಎರಡು ವಾರ ದಾಟಿ ಯಾವುದರಲ್ಲೂ ಆಸಕ್ತಿ ಇಲ್ಲ, ಮೊಮ್ಮಕ್ಕಳು ಬಂದರೂ ಮುಖ ಅರಳುತ್ತಿಲ್ಲ, ಊಟ ರುಚಿಸುತ್ತಿಲ್ಲ ಎಂದರೆ ಖಿನ್ನತೆಯನ್ನು ನೆನಪಿಸಿಕೊಳ್ಳಿ. ಹಿರಿಯರು ‘ಬೇಜಾರು’ ಎನ್ನುವುದಿಲ್ಲ, ‘ಸುಸ್ತು’ ಎನ್ನುತ್ತಾರೆ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಸುಸ್ತಿನ ಜೊತೆ ವಾಸನೆ ತಿಳಿಯದಿರುವುದು, ಮಲಬದ್ಧತೆ, ಅಕ್ಷರ ಚಿಕ್ಕದಾಗುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು, ನಡೆಯುವಾಗ ಒಂದು ಕೈ ಬೀಸದಿರುವುದು ಕಂಡರೆ ನರರೋಗ ವೈದ್ಯರ ಬಳಿ ಹೋಗಿ. ಪಾರ್ಕಿನ್ಸನ್‌ನಲ್ಲಿ ಕೈನಡುಕಕ್ಕೆ ಮೊದಲೇ ಇವು ಬರುವುದುಂಟು.

ಎಷ್ಟು ದಿನ ಕಾಯಬೇಕು

ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಹಾಳೆಯಲ್ಲಿ ತಾರೀಕು ಹಾಕಿ. ಸೋಡಿಯಂ ಥರ ತುರ್ತು ವಿಷಯಕ್ಕೆ ಈ ನಿಯಮ ಬೇಡ. ಅಲರ್ಜಿ ಮಾತ್ರೆ ಬದಲಿಸಿದರೆ ಎರಡು ಮೂರು ದಿನದಲ್ಲಿ ತಿಳಿಯುತ್ತದೆ. ಕಾಫಿ ಹೊತ್ತು ಬದಲಿಸಿದ್ದಕ್ಕೆ ಒಂದೆರಡು ವಾರ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾದರೆ ಆರರಿಂದ ಎಂಟು ವಾರಕ್ಕೆ ಮರುಪರೀಕ್ಷೆ, ಅದಕ್ಕೂ ಮುಂಚೆ ಮಾಡಿಸಿದರೆ ಅಂಕಿ ದಾರಿ ತಪ್ಪಿಸುತ್ತದೆ. ಕಬ್ಬಿಣ ಕೊಟ್ಟು ನಾಲ್ಕು ವಾರಕ್ಕೂ ಹಿಮೋಗ್ಲೋಬಿನ್ ಏರದಿದ್ದರೆ ಎಲ್ಲೋ ಸೋರಿಕೆ ಇರಬಹುದು, ಇಲ್ಲವೇ ಮಾತ್ರೆ ಹೊಟ್ಟೆಗೆ ಹೋಗದೆ ಇರಬಹುದು. ಎರಡನೆಯದನ್ನು ತಿಳಿಯಲು ಸ್ಟ್ರಿಪ್ ಎಣಿಸಿ. ಖಿನ್ನತೆಯ ಮಾತ್ರೆಗೆ ಆರು ವಾರವಾದರೂ ಕೊಡಬೇಕು, ಹಿರಿಯರಿಗೆ ಕೆಲವೊಮ್ಮೆ ಇನ್ನೂ ಹೆಚ್ಚು. ಬಿ12ರಿಂದ ರಕ್ತ ಕೆಲವು ವಾರಗಳಲ್ಲಿ ಸರಿಹೋದರೂ ಪಾದದ ಜೋಮಿಗೆ ಆರು ತಿಂಗಳು ಹಿಡಿಯಬಹುದು. ಎರಡು ಇಂಜೆಕ್ಷನ್ ಆಗಿ ‘ಏನೂ ಗುಣ ಕಾಣಲಿಲ್ಲ’ ಎಂದು ಬಿಟ್ಟುಬಿಡುವುದು ಇಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.